ಕೂತಲ್ಲೇ ಹಾಕಿದ ಸಹಿ

ಸ್ನಾನ ಮಾಡುವುದು ಒಂದು ಕೆಲಸವಲ್ಲ, ಹನ್ನೊಂದು ಕೆಲಸ. ಹೊದಿಕೆ ಸರಿಸುವುದು ಒಂದು. ಕಾಲನ್ನು ನೆಲಕ್ಕೆ ಇಡುವುದು ಎರಡು. ಎದ್ದು ನಿಲ್ಲುವುದು ಮೂರು. ಬಾತ್‌ರೂಮಿನ ತನಕ ನಡೆಯುವುದು, ಹೀಟರಿನ ಸ್ವಿಚ್ ಹಾಕುವುದು, ನೀರು ಕಾಯುವ ತನಕ ಅಲ್ಲೇ ನಿಂತಿರುವುದು, ಬಟ್ಟೆ ಬಿಚ್ಚುವುದು, ನೀರಿಗೆ ತಲೆ ಕೊಡುವುದು, ಸೋಪು ಹಚ್ಚುವುದು, ಒರೆಸಿಕೊಳ್ಳುವುದು, ಒಗೆದ ಬಟ್ಟೆ ತೊಡುವುದು. ಆರೋಗ್ಯವಾಗಿರುವವರಿಗೆ ಇವು ಒಂದಕ್ಕೊಂದು ಅಂಟಿಕೊಂಡು ಒಂದೇ ಕೆಲಸವಾಗಿ ಕಾಣುತ್ತವೆ. ನನಗೂ ನಲವತ್ತು ವರ್ಷ ಹಾಗೇ ಕಂಡಿತ್ತು. ಒಂದು ಜುಲೈ ತಿಂಗಳಲ್ಲಿ ಅಂಟು ಬಿಟ್ಟಿತು, ಹನ್ನೊಂದೂ ಬೇರೆಬೇರೆಯಾಗಿ ಎದುರಿಗೆ ನಿಂತವು.

ನೈರೋಬಿಯಲ್ಲಿ ಜುಲೈ ಎಂದರೆ ಚಳಿಗಾಲ. ಮಳೆಯಿಲ್ಲ, ಬಿಸಿಲೂ ಇಲ್ಲ. ಬೂದಿ ಬಣ್ಣದ ಮೋಡ ಮಧ್ಯಾಹ್ನದ ತನಕ ಅಲ್ಲಾಡದೆ ಕೂತಿರುತ್ತದೆ. ಆದರೆ ತಪ್ಪನ್ನು ಹವಾಮಾನದ ಮೇಲೆ ಹಾಕುವಂತಿಲ್ಲ. ಅದಕ್ಕೂ ಮೊದಲು ನಾಲ್ಕು ಜುಲೈಗಳನ್ನು ಅದೇ ಊರಲ್ಲಿ ಸ್ವೆಟರ್ ಹಾಕಿಕೊಂಡು ಆರಾಮಾಗಿ ಕಳೆದಿದ್ದೆ. ಮಟಾಟು ಎನ್ನುವ ಅಲ್ಲಿನ ಬಾಡಿಗೆ ವ್ಯಾನುಗಳಿಗೆಲ್ಲ ಹಳದಿ ಪಟ್ಟಿ ಬಳಿಸಿ, ಸೀಟಿಗೊಂದು ಬೆಲ್ಟ್ ಹಾಕಿಸಿದ್ದರಲ್ಲ, ಆ ಸುಮಾರಿನ ಮಾತು ಇದು.

ನಾನು ಆಗ ಅಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದವನೇ ನಾನು ಮೊದಲಿಗ, ಇನ್ನು ಎಂ.ಎಸ್ಸಿ. ಮಾತು ಬಿಡಿ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಸುಮ್ಮನೆ ಸಿಕ್ಕಿದ್ದರೆ ಸಂಕೋಚಪಡಬಹುದಿತ್ತು. ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದುದರಿಂದ ಕಾರ್ಖಾನೆಯ ಹೆಂಗಸರು ನನ್ನನ್ನು 'ಡಾಕ್ತಾರಿ' ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಡಾಕ್ಟರಿಗೆ ಹಾಗೆ ಹೇಳುವುದು. ನಾನು ಡಾಕ್ಟರಲ್ಲ ಎಂದು ಮೊದಲ ವಾರದಲ್ಲಿ ತಿದ್ದಬಹುದಿತ್ತು. ತಿದ್ದಲಿಲ್ಲ.

ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವನು. ಹೆಬ್ಬೆಟ್ಟು. ಲಾರಿಯಿಂದ ಇಳಿಸಿದ ಮೂಟೆಗಳನ್ನು ಗೋಡೌನಿನ ಒಳತುದಿಗೆ ಸಾಗಿಸಿ ಅಟ್ಟಿ ಹಾಕಬೇಕು. ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಮೇಸ್ತ್ರಿಯ ಪುಸ್ತಕ, ಪಕ್ಕದಲ್ಲಿ ನೇರಳೆ ಶಾಯಿಯ ಪ್ಯಾಡು. ಪ್ಯಾಡು ಅಲ್ಲಿಂದ ಎಂದೂ ಹೊರಗೆ ಬರುತ್ತಿರಲಿಲ್ಲ, ಮೂಟೆ ಹೊತ್ತು ಅಲ್ಲಿಯ ತನಕ ಹೋದವನೇ ಹೆಬ್ಬೆಟ್ಟು ಒತ್ತಬೇಕು. ಸ್ಕೂಲಿನ ಅರ್ಜಿಗಳ ಮೇಲೆ ಅಪ್ಪನ ಹೆಬ್ಬೆರಳ ಗುರುತು ಬಿದ್ದಾಗ ನಾನು ಅದರ ಮೇಲೆ ಕೈಯಿಟ್ಟು ಮುಚ್ಚಿಕೊಂಡು ಮೇಷ್ಟ್ರಿಗೆ ಕೊಡುತ್ತಿದ್ದೆ. ಡಿಗ್ರಿ ಮುಗಿದ ಮೇಲೆ ಒಂದು ಸಹಿ ಮಾಡಿಕೊಂಡೆ, ಎರಡು ನೋಟ್‌ಬುಕ್ಕು ತುಂಬ ಅಭ್ಯಾಸ ಮಾಡಿ. ಅಪ್ಪನಿಗೆ ತೋರಿಸಿದೆ.

"ಇದ್ರಲ್ಲಿ ನಿನ್ನೆಸ್ರು ಎಲ್ಲೈತೆ?" ಎಂದ.

"ಇದೇ ಹೆಸ್ರು. ಸೈನು ಹಿಂಗೇ ಇರೋದು."

"ಓದ್ದೋರಿಗೂ ಓದಕ್ಕೆ ಬರ್ದಂಗೆ ಗೀಚೋಕೆ ಇಷ್ಟ್ ವರ್ಸ ಓದ್ಬೇಕಿತ್ತೇನ್ಲಾ?"

ನಕ್ಕನಾದರೂ ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಗಿರಣಿಯಲ್ಲಿ ಎಲ್ಲರಿಗೂ ತೋರಿಸಿದನಂತೆ. ಅಪ್ಪ ಈಗಿಲ್ಲ.

ನೈರೋಬಿಯಲ್ಲಿ ನನ್ನ ಕೆಲಸವೇ ಆ ಸಹಿ. ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಅರ್ಧ, ಕಾಗದ ಅರ್ಧ. ಪ್ರತಿಯೊಂದು ಬ್ಯಾಚಿಗೂ ಒಂದು ದಾಖಲೆ ಪುಸ್ತಕವಿರುತ್ತದೆ. ಅದರಲ್ಲಿ ಒಂದೊಂದು ಹಂತಕ್ಕೂ ಒಂದು ಸಾಲು, ಸಾಲಿನ ತುದಿಯಲ್ಲಿ ಎರಡು ಖಾನೆ. ಮೊದಲನೆಯದು 'ಮಾಡಿದವರು', ಎರಡನೆಯದು 'ಪರಿಶೀಲಿಸಿದವರು'. ಎರಡರಲ್ಲೂ ಸಹಿ, ಗಂಟೆ, ನಿಮಿಷ. ಹೊಸಬರು ಸೇರಿದ ದಿನ ನಾನು ಹೇಳುತ್ತಿದ್ದ ಮಾತು ಒಂದೇ: ಬರೆಯದೇ ಇದ್ದದ್ದನ್ನು ಮಾಡಿಯೇ ಇಲ್ಲ ಎಂದು ತಿಳಿಯಬೇಕು. ಐದು ವರ್ಷದಲ್ಲಿ ಎಷ್ಟು ಸಲ ಹೇಳಿದೆನೋ. ಅದರ ತಿರುಗುಮುರುಗು ಮಾತನ್ನು, ಎಂದರೆ ಬರೆದದ್ದೆಲ್ಲ ಮಾಡಿದ್ದೇ ಎಂದು ಅರ್ಥವಲ್ಲ ಎಂಬುದನ್ನು, ಹೇಳುವ ಅಗತ್ಯ ಬಂದಿರಲಿಲ್ಲ.

ಹನ್ನೊಂದು ಕೆಲಸಗಳು ಬೇರೆಯಾದ ಮೇಲೆ ನಾನು ಮೊದಲು ಬಿಟ್ಟದ್ದು ಗಡ್ಡ ಹೆರೆದುಕೊಳ್ಳುವುದನ್ನು. ಆಮೇಲೆ ಭಾನುವಾರ ಕನ್ನಡದವರು ಸೇರುತ್ತಿದ್ದ ಕಡೆಗೆ ಹೋಗುವುದನ್ನು. ಊರಿಗೆ ಫೋನು ಮಾಡಲು ಸ್ಕ್ರ್ಯಾಚ್ ಕಾರ್ಡು ಕೆರೆಯುವುದನ್ನೂ ಬಿಟ್ಟೆ, ಕಾರ್ಡು ಮೇಜಿನ ಮೇಲೇ ಬಿದ್ದಿರುತ್ತಿತ್ತು. ದುಃಖವಿತ್ತೇ ಎಂದು ಕೇಳಿದರೆ ಇರಲಿಲ್ಲ. ದುಃಖವಾಗಿದ್ದರೆ ಅದೊಂದು ಕೆಲಸವಾದರೂ ಆಗುತ್ತಿತ್ತು. ತೋಳಿಗೂ ತಲೆಗೂ ನಡುವಿನ ತಂತಿಯನ್ನು ಯಾರೋ ಬಿಚ್ಚಿಟ್ಟ ಹಾಗೆ, ಅಷ್ಟೆ.

ಹೆಂಡತಿ ಮೊದಲು ಬಿ.ಪಿ. ಎಂದಳು, ಆಮೇಲೆ ಥೈರಾಯ್ಡ್ ಎಂದಳು. ಅವಳ ತಾಯಿ ಮೈಸೂರಿನಿಂದ ಫೋನಿನಲ್ಲಿ ದೃಷ್ಟಿ ಎಂದರು. ಅಡಿಗೆಮನೆಯಲ್ಲಿ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದ್ದಕ್ಕೆ ಮೇಲಿನ ಫ್ಲ್ಯಾಟಿನವರು ಕೆಮ್ಮುತ್ತಾ ಇಳಿದು ಬಂದು ಬೆಂಕಿ ಬಿದ್ದಿದೆಯೇ ಎಂದು ವಿಚಾರಿಸಿದರು. ಕೊನೆಗೆ ಅವಳೇ ವೆಸ್ಟ್‌ಲ್ಯಾಂಡ್ಸಿನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದಳು. ವಯಸ್ಸಾದವರು. ರಕ್ತ, ಎದೆ ಎಲ್ಲ ನೋಡಿದ ಮೇಲೆ ಕೇಳಿದರು:

"ಬೆಳಿಗ್ಗೆ ಎಚ್ಚರ ಆದಾಗ ಮೊದಲು ಏನನ್ನಿಸುತ್ತೆ?"

"ಏನೂ ಅನ್ನಿಸಲ್ಲ."

"ಎಷ್ಟು ದಿನದಿಂದ?"

"ಮೂರು ವಾರ ಆಗಿರಬಹುದು."

ಚೀಟಿಯ ಮೇಲೆ ಇಂಗ್ಲಿಷಿನಲ್ಲಿ 'ಡಿಪ್ರೆಶನ್' ಎಂದು ಬರೆದು, ಕೆಳಗೆ ಒಂದು ಮಾತ್ರೆ ಬರೆದರು. ದಿನಾ ಬೆಳಿಗ್ಗೆ ಒಂದು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು, ತಿಂಗಳಿಗೊಮ್ಮೆ ಬಂದು ಮಾತಾಡಿ ಹೋಗಬೇಕು ಎಂದರು. ಆ ಮಾತ್ರೆ ನಮ್ಮ ಕಾರ್ಖಾನೆಯದಾಗಿರಲಿಲ್ಲ. ಡಬ್ಬಿಯೊಳಗಿನ ಮಾಹಿತಿ ಕಾಗದವನ್ನು ಬಿಡಿಸಿ ಓದಿದೆ. ಎರಡನೇ ಪುಟದಲ್ಲಿ ಅಚ್ಚಿನ ತಪ್ಪೊಂದಿತ್ತು. ಅದಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಮಾತ್ರೆ, ಚೀಟಿಯ ಸಮೇತ ಆಫೀಸಿನ ಡ್ರಾಯರಿಗೆ ಹಾಕಿದೆ. ಮಾತ್ರೆ ಮಾಡುವವನು ನಾನು, ನುಂಗುವವರು ಬೇರೆಯವರು ಎಂಬ ಲೆಕ್ಕ ನನ್ನದು. ಮೂಟೆ ಹೊತ್ತವನ ಮಗ ಎಂ.ಎಸ್ಸಿ. ಮಾಡಿ ಸಮುದ್ರ ದಾಟಿ ಬಂದವನು, ಹೊದಿಕೆ ಸರಿಸಲು ಮಾತ್ರೆ ಬೇಕೆಂದರೆ ಹೇಗೆ? ಹೆಂಡತಿ ಕೇಳಿದಾಗ "ಹ್ಞೂ, ತಗೋತಿದೀನಿ" ಎನ್ನುತ್ತಿದ್ದೆ.

ಮಾತ್ರೆಯ ಬದಲು ನನಗೆ ಗೊತ್ತಿದ್ದ ವಿದ್ಯೆಯನ್ನು ಹಿಡಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಹಾಳೆ ತಯಾರು ಮಾಡಿದೆ. ಬೆಳಗಿನ ಹನ್ನೊಂದು ಹಂತ, ತುದಿಯಲ್ಲಿ ಎರಡು ಖಾನೆ. ಮೂವತ್ತು ಪ್ರತಿ ತೆಗೆದು, ಹಲಗೆಗೆ ಸಿಕ್ಕಿಸಿ, ಮಂಚದ ಪಕ್ಕ ಪೆನ್ನಿನ ಜೊತೆ ಇಟ್ಟೆ. ಒಂದೊಂದು ಹಂತ ಮುಗಿದಾಗ ಬಂದು ಸಹಿ ಹಾಕಿ ಸಮಯ ಬರೆಯುವುದು. ಕೇಳಿದವರು ನಗಬಹುದು. ಆದರೆ ಕೆಲವು ವಾರ ಅದು ನಡೆಯಿತು. ಉತ್ಸಾಹ ಬಂದ ಮೇಲೆ ಏಳೋಣ ಎಂದು ಕಾದರೆ ಅದು ಮಟಾಟುವಿನಲ್ಲಿ ಕೂತ ಮೊದಲನೇ ಪ್ರಯಾಣಿಕನ ಪಾಡು. ಗಾಡಿ ತುಂಬುವ ತನಕ ಹೊರಡುವುದಿಲ್ಲ, ತುಂಬುವುದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ಖಾನೆ ಹಾಗಲ್ಲ. ಅದು ಖಾಲಿಯಿದೆ, ತುಂಬಬೇಕು. ಐದು ವರ್ಷ ಖಾಲಿ ಖಾನೆಯನ್ನು ಕಂಡರೆ ಆಗದವನಾಗಿ ಬದುಕಿದ್ದೆನಲ್ಲ, ಆ ಚಟ ನನ್ನನ್ನು ಬಾತ್‌ರೂಮಿನ ತನಕ ತಳ್ಳುತ್ತಿತ್ತು.

ಹಾಳೆಯನ್ನು ಹೆಂಡತಿ ಕಂಡಳು.

"ಏನ್ರೀ ಇದು? ಕಾಲು ನೆಲಕ್ಕೆ ಇಟ್ಟೆ, ಏಳು ಗಂಟೆ ನಾಲ್ಕು ನಿಮಿಷ?"

"ಸುಮ್ನೆ. ಒಂದು ಶಿಸ್ತಿಗೆ."

"ಈ ಎರಡನೇ ಕಾಲಮ್ಮು ಖಾಲಿ ಇದ್ಯಲ್ಲಾ. ಪರಿಶೀಲಿಸಿದವರು. ಅದು ಯಾರು ನಾನಾ?"

"ನೀನು ಹಾಕಿದ್ರೆ ಹಾಕು."

"ನೀವು ಸೋಪು ಹಚ್ಕೊಂಡ್ರಿ ಅಂತ ನಾನು ಸೈನ್ ಹಾಕ್ಬೇಕಾ? ಕನ್ಯಾದಾನ ಮಾಡೋವಾಗ ಇದನ್ನ ನಮ್ಮಪ್ಪಂಗೆ ಹೇಳಿರ್ಲಿಲ್ಲ ಬಿಡಿ ನೀವು."

ನಗುವ ಹಾಗೆ ಹೇಳಿದಳು, ಹೇಳಿ ಒಳಗೆ ಹೋಗಿ ತುಂಬ ಹೊತ್ತು ಪಾತ್ರೆ ತೊಳೆದಳು. ಎಂಟು ವರ್ಷದ ಮಗಳು ಸ್ಕೂಲಿನ ಟೈ ಕಟ್ಟಿಸಿಕೊಳ್ಳಲು ಬಂದವಳು ಹಾಳೆಯನ್ನು ನೋಡಿ, "ಅಪ್ಪಾ, ಈಸ್ ದಿಸ್ ಯುವರ್ ಹೋಮ್‌ವರ್ಕ್?" ಎಂದಳು. ಹೌದು ಎಂದೆ.

ಆಗಸ್ಟ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ, ಮಲಗಿದ್ದಲ್ಲಿಂದಲೇ ಕೈ ಚಾಚಿ ಹಲಗೆಯನ್ನು ಎತ್ತಿಕೊಂಡೆ. ಹನ್ನೊಂದಕ್ಕೂ ಸಹಿ ಹಾಕಿದೆ. ಸಮಯವನ್ನು ಒಂದೊಂದಕ್ಕೆ ಎರಡು ಮೂರು ನಿಮಿಷ ಬಿಟ್ಟು ಅಂದಾಜಿನ ಮೇಲೆ ತುಂಬಿದೆ. ಹಲಗೆಯನ್ನು ಕೆಳಗಿಟ್ಟು ಮತ್ತೆ ಹೊದ್ದುಕೊಂಡೆ. ಕೆಲಸ ಮುಗಿದ ಸಮಾಧಾನ, ನಿಜವಾಗಿ ಮುಗಿದಾಗ ಬರುತ್ತಿತ್ತಲ್ಲ, ಅಷ್ಟೇ ಬಂತು. ಆ ದಿನ ಸ್ನಾನವಿಲ್ಲದೆ ಕಾರ್ಖಾನೆಗೆ ಹೋದೆ.

ಇನ್ನು ಕಾರ್ಖಾನೆಯ ವಿಷಯ. ಮಾತ್ರೆಗಳನ್ನು ಡಬ್ಬಿಗೆ ತುಂಬುವ ಸಾಲನ್ನು ನಾವು ಲೈನ್ ಎನ್ನುತ್ತಿದ್ದೆವು. ಅದೇ ಲೈನಿನಲ್ಲಿ ನಿನ್ನೆ ಒಂದು ಔಷಧಿ, ಇವತ್ತು ಇನ್ನೊಂದು. ಹಾಗಾಗಿ ಹೊಸ ಔಷಧಿ ಶುರುವಾಗುವ ಮುಂಚೆ ಹಳೆಯದರ ಒಂದು ಮಾತ್ರೆ, ಒಂದು ಚೀಟಿ ಕೂಡ ಅಲ್ಲಿ ಉಳಿದಿಲ್ಲ ಎಂದು ನೋಡಬೇಕು. ಲೈನಿನವರು ಗುಡಿಸಿ, ಒರೆಸಿ, ನೋಡಿ ಮೊದಲ ಖಾನೆಗೆ ಸಹಿ ಹಾಕುತ್ತಾರೆ. ಆಮೇಲೆ ನಾನು ಹೋಗಿ, ಡಬ್ಬಿ ಸಾಗುವ ಬೆಲ್ಟಿನ ಕೆಳಗೆ, ಅದರ ಬದಿಯ ಲೋಹದ ಪಟ್ಟಿಗಳ ಸಂದಿಯಲ್ಲಿ, ಕಸದ ಬುಟ್ಟಿಯಲ್ಲಿ ಟಾರ್ಚು ಬಿಟ್ಟು ನೋಡಿ ಎರಡನೆಯದಕ್ಕೆ ಹಾಕಬೇಕು. ನನ್ನ ಆಫೀಸು ಮೇಲಿನ ಮಹಡಿಯಲ್ಲಿ. ಇಳಿದು ಹೋಗಬೇಕು, ತಲೆಗೆ ಟೋಪಿ, ಬೂಟಿಗೆ ಚೀಲ, ಬೇರೆ ಕೋಟು, ಕೈ ತೊಳೆಯುವುದು. ಎಣಿಸಿದರೆ ಅದೂ ಹನ್ನೊಂದರ ಹತ್ತಿರ ಬರುತ್ತದೆ.

ಮಂಚದಲ್ಲಿ ಒಮ್ಮೆ ಸಾಧ್ಯವಾದದ್ದು ಕುರ್ಚಿಯಲ್ಲೂ ಸಾಧ್ಯವಾಯಿತು. ಪುಸ್ತಕ ಮೇಲಕ್ಕೆ ಬರುತ್ತಿತ್ತು, ನಾನು ಕೂತಲ್ಲೇ ಸಹಿ ಹಾಕಿ ಕಳಿಸುತ್ತಿದ್ದೆ. ನನ್ನ ಸಹಿ ಸುಂದರವಾದ ಸಹಿ. ಎಲ್ಲಿ ಕೂತು ಹಾಕಿದ್ದು ಎಂದು ಅದು ಹೇಳುತ್ತಿರಲಿಲ್ಲ.

ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಪುಸ್ತಕ ಕೆಳಗೆ ಹೋಗಿ ಕಾಲು ಗಂಟೆಯಾಗಿತ್ತು, ಲೈನಿನ ಮೇಲ್ವಿಚಾರಕಿ ನನ್ನ ಕೋಣೆಗೆ ಬಂದಳು. ಐವತ್ತರ ಹತ್ತಿರದ ಹೆಂಗಸು. ಕಸರಾನಿಯ ಕಡೆಯಿಂದ ಎರಡು ಮಟಾಟು ಬದಲಿಸಿ ಬರುತ್ತಿದ್ದಳು, ಆದರೂ ಎಲ್ಲರಿಗಿಂತ ಮೊದಲು ಗೇಟಿನಲ್ಲಿರುತ್ತಿದ್ದಳು. ಅಲ್ಲಿ ಹಿರಿಯ ಹೆಂಗಸರನ್ನು ಮಾಮಾ ಎನ್ನುವುದು ಮರ್ಯಾದೆ, ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮ ಮಾತು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿಯಲ್ಲಿ ನಡೆಯುತ್ತಿತ್ತು. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಉಳಿದಿದೆ.

ಅವಳು ಏನೂ ಹೇಳದೆ ಮೇಜಿನ ಮೇಲೆ ಒಂದು ಸ್ಟ್ರಿಪ್ ಇಟ್ಟಳು. ಹತ್ತು ಮಾತ್ರೆಗಳದ್ದು. ಸಕ್ಕರೆ ಕಾಯಿಲೆಯ ಮಾತ್ರೆ, ನಿನ್ನೆ ಲೈನಿನಲ್ಲಿದ್ದದ್ದು. ಇವತ್ತು ಲೈನಿನಲ್ಲಿದ್ದದ್ದು ವಿಟಮಿನ್, ಮಕ್ಕಳಿಂದ ಮುದುಕರ ತನಕ ಎಲ್ಲರೂ ನುಂಗುವಂಥದ್ದು. ವಿಟಮಿನ್ ಡಬ್ಬಿಯಲ್ಲಿ ಆ ಸ್ಟ್ರಿಪ್ ಸೇರಿದ್ದರೆ ಏನಾಗುತ್ತಿತ್ತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

"ಎಲ್ಲಿ ಸಿಕ್ತು?"

"ಪಟ್ಟಿಯ ಹಿಂದೆ. ಲೈನ್ ಇನ್ನೂ ಶುರು ಮಾಡಿಲ್ಲ."

"ಯಾವಾಗ ಸಿಕ್ತು?"

"ನೀನು ಸಹಿ ಹಾಕಿದ ಮೇಲೆ." ಅವಳು ಪುಸ್ತಕವನ್ನು ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟಳು. "ಎಂಟು ಹತ್ತಕ್ಕೆ ಲೈನಿನ ಹತ್ತಿರ ಇದ್ದೆ ಅಂತ ಇಲ್ಲಿದೆ. ಎಂಟು ಹತ್ತಕ್ಕೆ ನಾನೂ ಅಲ್ಲೇ ಇದ್ದೆ ಡಾಕ್ತಾರಿ. ನಿನ್ನನ್ನು ಕಾಣಲಿಲ್ಲ."

ನಾನು ಪುಸ್ತಕವನ್ನು ಮುಚ್ಚಿದೆ.

"ಒಂದು ವಾರದಿಂದ ಕಾಣಲಿಲ್ಲ. ಅದಕ್ಕೇ ಎರಡು ಸಲ ನೋಡ್ತಿದ್ದೆ. ಒಂದು ಸಲ ನನ್ನದು, ಇನ್ನೊಂದು ಸಲ ನಿನ್ನದು."

"ನನಗೆ ಯಾಕೆ ಹೇಳಲಿಲ್ಲ ಮಾಮಾ?"

"ನಿಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ. ಗಡ್ಡ ಬಿಟ್ಟಿದ್ದೀಯಲ್ಲ. ನಿಮ್ಮವರು ಹಾಗೆ ಬಿಡುತ್ತಾರೆ ಅಂತ ಯಾರೋ ಹೇಳಿದ್ದರು. ಇಷ್ಟು ದಿನಕ್ಕೆ ಮುಗಿಯುತ್ತೆ ಅಂತ ಕಾಯುತ್ತಿದ್ದೆ." ಆಮೇಲೆ, "ಯಾರು ತೀರಿಕೊಂಡದ್ದು?" ಎಂದಳು.

"ಯಾರೂ ಇಲ್ಲ."

"ಹಾಗಾದರೆ ಕ್ಷೌರ ಮಾಡಿಸಿಕೋ," ಎಂದಳು.

ಅವಳು ಹೋಗಲಿಲ್ಲ, ಅಲ್ಲೇ ನಿಂತಿದ್ದಳು. ಯಾಕೆಂದು ನನಗೆ ತಿಳಿಯದ್ದೇನಲ್ಲ. ಇಂಥದ್ದು ನಡೆದರೆ ಅದನ್ನು ಬರೆಯಬೇಕು, ಅದಕ್ಕೊಂದು ನಮೂನೆಯಿದೆ. ಬರೆದರೆ ಮೊದಲ ಖಾನೆಯಲ್ಲಿರುವ ಸಹಿ ಅವಳದು. ಅವಳ ತಂಡದವರೇ ಮೊದಲ ಸಲ ನೋಡುವಾಗ ಆ ಸ್ಟ್ರಿಪ್ಪನ್ನು ಬಿಟ್ಟಿದ್ದರು. ಅವಳ ಕೆಲಸ ಆರಾರು ತಿಂಗಳ ಕರಾರಿನದು, ಹದಿಮೂರು ವರ್ಷದಿಂದ ಹಾಗೇ. ನನ್ನ ಸಹಿ ಕೆಳಗಿನವರ ಸಹಿಗಿಂತ ಭಾರ. ಆ ಪುಟವನ್ನು ನಾನು ಹೇಗೆ ಬೇಕಾದರೂ ಓದಿಸಬಹುದಿತ್ತು.

"ಬರೆಯುತ್ತೀಯಾ?" ಎಂದಳು.

"ಬರೀಬೇಕು."

"ಹೇಗೆ ಬರೆಯುತ್ತೀಯಾ?"

ಸ್ಟ್ರಿಪ್ಪನ್ನು ಅಲ್ಲೇ ಬಿಟ್ಟು ಅವಳು ಕೆಳಗೆ ಹೋದಳು. ಲೈನ್ ನಿಂತೇ ಇತ್ತು.

ಹತ್ತು ನಿಮಿಷಕ್ಕೆ ಮಾಲೀಕರು ಬಂದರು. ಲೈನ್ ನಿಂತರೆ ಅವರಿಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ವಿಷಯ ಕೇಳಿ, ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, "ಡಬ್ಬಿಗೇನೂ ಹೋಗಿಲ್ವಲ್ಲ?" ಎಂದರು.

"ಇವತ್ತು ಹೋಗಿಲ್ಲ ಸಾರ್."

"ಮತ್ತೇನು? ಕೆಳಗಿನವರ ಅಜಾಗರೂಕತೆ ಅಂತ ಬರೆದು ಮುಗಿಸಿ. ಆಕೆಯ ಕರಾರು ಹೇಗೂ ಈ ತಿಂಗಳು ಮುಗಿಯುತ್ತೆ. ನಿಮ್ಮ ವರ್ಕ್ ಪರ್ಮಿಟ್ಟಿನ ಕಾಗದ ಕೂಡ ಈಗ ಹೋಗೋದಿದೆ, ನೆನಪಿರಲಿ."

ಕೆಟ್ಟವರಲ್ಲ. ನನಗೆ ಅನುಕೂಲವಾಗಲಿ ಎಂದೇ ಹೇಳಿದರು.

ನಾನು ನಮೂನೆಯನ್ನು ಮುಂದಿಟ್ಟುಕೊಂಡು ಕೂತೆ. ಏನಾಯಿತು ಎಂಬ ಖಾನೆ ಸುಲಭ. 'ಎರಡನೇ ಸಹಿಯನ್ನು ನಾನು ಹೋಗಿ ನೋಡದೆ ಹಾಕಿದ್ದೇನೆ. ಎಂಟು ದಿನಗಳಿಂದ ಹೀಗೆ ಮಾಡಿದ್ದೇನೆ. ಲೈನಿನ ಮೇಲ್ವಿಚಾರಕಿ ತಾನಾಗಿ ಎರಡನೇ ಸಲ ನೋಡಿದ್ದರಿಂದ ಸ್ಟ್ರಿಪ್ ಸಿಕ್ಕಿದೆ.' ನಾಲ್ಕು ಸಾಲು. ಅಷ್ಟಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅದರ ಕೆಳಗೆ 'ಮೂಲ ಕಾರಣ' ಎಂಬ ಖಾನೆ.

ಆ ಖಾನೆಯ ವಿಷಯದಲ್ಲಿ ನಾನು ಕಟುಕ ಎಂದು ಹೆಸರಾಗಿದ್ದೆ. ಯಾರಾದರೂ ಅಲ್ಲಿ 'ಮನುಷ್ಯ ಸಹಜ ತಪ್ಪು' ಎಂದು ಬರೆದು ತಂದರೆ ಹಿಂದಕ್ಕೆ ಎಸೆಯುತ್ತಿದ್ದೆ. ತಪ್ಪು ಮಾಡಿದ್ದು ಮನುಷ್ಯನೇ, ಕೋತಿಯಲ್ಲ, ಅದು ನನಗೆ ಗೊತ್ತು, ಯಾಕೆ ಮಾಡಿದ ಅದನ್ನು ಬರಿ, ಎನ್ನುತ್ತಿದ್ದೆ. ಈಗ ಅದೇ ಖಾನೆ ನನ್ನ ಮುಂದೆ. 'ಅನಾರೋಗ್ಯ' ಎಂದು ಬರೆದು ಹೊಡೆದು ಹಾಕಿದೆ. ಯಾವ ಅನಾರೋಗ್ಯ ಎಂದು ನಾನೇ ಕೇಳುತ್ತಿದ್ದೆ. 'ಆಯಾಸ' ಎಂದು ಬರೆದು ಹೊಡೆದೆ. ನಮ್ಮಲ್ಲಿ ಹೊಡೆದದ್ದನ್ನು ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು, ಕೆಳಗಿನದು ಓದಲು ಸಿಗಬೇಕು. ಹೀಗೆ ಎರಡು ಸುಳ್ಳುಗಳಿಗೆ ನನ್ನ ಸಹಿ ಬಿದ್ದ ಮೇಲೆ, ಡ್ರಾಯರು ತೆರೆದು, ಡಾಕ್ಟರ ಚೀಟಿಯನ್ನು ತೆಗೆದು, ಅದರಲ್ಲಿದ್ದ ಪದವನ್ನು ಅಕ್ಷರ ಅಕ್ಷರ ನೋಡಿ ನಕಲು ಮಾಡಿದೆ. ಡಿಪ್ರೆಶನ್. ಎರಡು ತಿಂಗಳಿಂದ. ಔಷಧಿ ಕೊಡಲಾಗಿದೆ, ಸೇವಿಸಿಲ್ಲ.

ಕೊನೆಯ ಖಾನೆ, ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ ಎಂಬುದು. ಒಂದು, ಔಷಧಿ ಸೇವಿಸುವುದು. ಎರಡು, ನನ್ನ ಸಹಿಯ ಅಧಿಕಾರವನ್ನು ಸದ್ಯಕ್ಕೆ ಹಿಂತೆಗೆದುಕೊಳ್ಳುವುದು. ಮೂರು, ನನ್ನ ಮೇಜನ್ನು ಕೆಳಗೆ ಲೈನಿನ ಪಕ್ಕಕ್ಕೆ ಸಾಗಿಸುವುದು, ಕುರ್ಚಿ ಇಲ್ಲದೆ.

ಮಾಲೀಕರು ಓದಿದರು. "ನೀವಾ?" ಎಂದರು. ಮತ್ತೊಮ್ಮೆ ಓದಿ, "ಇದು ಫೈಲಿನಲ್ಲಿ ಇರಬೇಕಾ?" ಎಂದರು. ಇರಬೇಕು ಎಂದೆ. ತಲೆ ಕೆರೆದುಕೊಂಡರು. "ಕುರ್ಚಿ ಯಾಕೆ ಬೇಡ?" ಎಂದು ಕೇಳಿದರು. ಮೂರು ತಿಂಗಳು ನನ್ನ ಸಹಿಗೆ ಬೆಲೆಯಿಲ್ಲ, ಆಮೇಲೆ ಹೊಸಬರ ಹಾಗೆ ಪರೀಕ್ಷೆ ಕೊಡಬೇಕು, ಪರ್ಮಿಟ್ಟಿನ ಕಾಗದ ಅದರ ಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಮಾಮಾಳ ಕರಾರನ್ನು ಮತ್ತೆ ಆರು ತಿಂಗಳಿಗೆ ಮುಂದುವರಿಸಿದರು.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಮಾತ್ರೆ ನುಂಗಿರಲಿಲ್ಲ ಎಂಬುದನ್ನೂ ಹೇಳಿದೆ. ಪರ್ಮಿಟ್ ಸಿಗದಿದ್ದರೆ ಊರಿಗೆ ಹೊರಡಬೇಕಾದೀತು ಎಂಬುದನ್ನೂ. ಅವಳಿಗೆ ಸಿಟ್ಟು ಬಂದದ್ದು ಮಾತ್ರೆಯ ವಿಷಯಕ್ಕೆ ಮಾತ್ರ.

"ದಿನಾ ಕೇಳ್ತಿದ್ನಲ್ರೀ. ದಿನಾ ಹ್ಞೂ ಅಂದ್ರಲ್ಲ. ನಂಗೂ ಕೂತಲ್ಲೇ ಸೈನ್ ಹಾಕ್ಕೊಟ್ರಿ ಅನ್ನಿ."

ಆ ಎಂಟು ದಿನ ತುಂಬಿದ ಡಬ್ಬಿಗಳು ಅದೃಷ್ಟಕ್ಕೆ ಇನ್ನೂ ಗೋಡೌನಿನಲ್ಲಿದ್ದವು. ಅವನ್ನೆಲ್ಲ ಬಿಚ್ಚಿ ನೋಡಬೇಕಾಯಿತು. ಲೈನಿನ ಹೆಂಗಸರ ಜೊತೆ ನಾನೂ ಕೂತೆ. ಡಬ್ಬಿ ತೆಗೆ, ಸ್ಟ್ರಿಪ್ ನೋಡು, ಮುಚ್ಚು, ಆಚೆ ಇಡು. ಆರು ದಿನ ಬೇರೇನೂ ಮಾಡಲಿಲ್ಲ. ಹೆಂಗಸರು ಮೊದಲ ದಿನ ಬಾಯಿ ಬಿಡಲಿಲ್ಲ. ಎರಡನೇ ದಿನ ಡಾಕ್ತಾರಿಯ ಕೈ ನಿಧಾನ ಎಂದು ನಕ್ಕರು. ಮೂರನೇ ದಿನ ತಮ್ಮ ಚಹಾದಲ್ಲಿ ನನಗೂ ಒಂದು ಲೋಟ ಕೊಟ್ಟರು, ಹಾಲು ಜಾಸ್ತಿ, ಸಕ್ಕರೆ ಅದಕ್ಕಿಂತ ಜಾಸ್ತಿ. ಯಾವ ಡಬ್ಬಿಯಲ್ಲೂ ಏನೂ ಸಿಗಲಿಲ್ಲ. ಎಂಟು ದಿನವೂ ಅವಳು ಎರಡು ಸಲ ನೋಡಿದ್ದಳಲ್ಲ. ಆ ಆರು ದಿನ ಬೆಳಿಗ್ಗೆ ಏಳಲು ಉತ್ಸಾಹವಿತ್ತೆಂದು ಹೇಳಲಾರೆ. ಹೋಗದಿದ್ದರೆ ನನ್ನ ಪಾಲಿನ ಡಬ್ಬಿಗಳನ್ನು ಇನ್ನೊಬ್ಬಳು ಬಿಚ್ಚಬೇಕಾಗುತ್ತಿತ್ತು, ಅದನ್ನು ಕಣ್ಣಾರೆ ನೋಡುವಷ್ಟು ಹತ್ತಿರ ಕೂತಿದ್ದೆ. ಅಷ್ಟೇ ಇದ್ದದ್ದು.

ಮಾತ್ರೆ ಶುರು ಮಾಡಿದೆ. ಮೊದಲ ಹದಿನೈದು ದಿನ ಬಾಯಿ ಒಣಗಿತು, ಬೇರೇನೂ ಆಗಲಿಲ್ಲ. ಡಾಕ್ಟರು ಮುಂದುವರಿಸಿ ಎಂದರು. ಯಾವ ದಿನ ಗುಣ ಕಂಡಿತು ಎಂದು ಹೇಳಲಾರೆ. ಒಂದು ದಿನ ಸಾರು ಕಲಸಿಕೊಳ್ಳುವಾಗ ಉಪ್ಪು ಕಮ್ಮಿ ಎಂದೆ. ಹೆಂಡತಿ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದಳು. ಎಷ್ಟೋ ತಿಂಗಳಿಂದ ನಾನು ಊಟದ ಬಗ್ಗೆ ಒಂದು ಮಾತೂ ಆಡಿರಲಿಲ್ಲವಂತೆ.

ಡಿಸೆಂಬರ್ ಮೊದಲ ವಾರ ನನ್ನ ಪರೀಕ್ಷೆಯಾಯಿತು. ಪರೀಕ್ಷೆ ಮಾಡುವವಳು ಮಾಮಾ. ಹೊಸಬರಿಗೆ ಮಾಡುವ ಕ್ರಮ ಅದೇ: ಲೈನಿನಲ್ಲಿ ಮೂರು ವಸ್ತುಗಳನ್ನು ಬಚ್ಚಿಟ್ಟಿರುತ್ತಾರೆ, ಹುಡುಕಬೇಕು. ಆ ಕ್ರಮವನ್ನು ತಂದವನು ನಾನೇ. ಪಟ್ಟಿಯ ಹಿಂದೆ ಒಂದು ಚೀಟಿ ಸಿಕ್ಕಿತು. ಕಸದ ಬುಟ್ಟಿಯ ತಳದ ಚೀಲದ ಅಡಿಯಲ್ಲಿ ಒಂದು ಮಾತ್ರೆ. ಮೂರನೆಯದು ಸಿಗಲಿಲ್ಲ. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಎದ್ದು ನಿಂತೆ.

"ಇನ್ನೇನಿಲ್ಲ ಮಾಮಾ. ಎರಡೇ ಇಟ್ಟಿದ್ದೀಯಾ ನೀನು. ಪೆನ್ನು ಕೊಡು."

"ಬಾಡೋ," ಎಂದಳು. ಇನ್ನೂ ಇಲ್ಲ ಎಂದು ಅರ್ಥ. ಪೆನ್ನನ್ನು ಕೋಟಿನ ಜೇಬಿಗೆ ಹಾಕಿಕೊಂಡು ಕೈಕಟ್ಟಿ ನಿಂತಳು.

ನನ್ನೊಳಗೆ ಹಳೆಯದು ಬಂದು ಕೂತದ್ದು ಗೊತ್ತಾಯಿತು. ಸಾಕು, ಯಾರಿಗೆ ಬೇಕು, ಹೋಗಿ ಮಲಗು ಎನ್ನುವಂಥದ್ದು. ಅದನ್ನು ಓಡಿಸಲು ನನಗೆ ಬರುವುದಿಲ್ಲ, ಈಗಲೂ ಬರುವುದಿಲ್ಲ. ಮೊಣಕಾಲೂರಿದೆ. ಒಂದು. ಕೈಯೂರಿದೆ. ಎರಡು. ಅಂಗಾತ ಮಲಗಿ ಬೆಲ್ಟಿನ ಕೆಳಗೆ ತಲೆ ತೂರಿಸಿದೆ. ಟಾರ್ಚು ಹಾಕಿದೆ. ಬೆಲ್ಟಿನ ತಳಕ್ಕೆ, ನಿಂತು ನೋಡಿದರೂ ಬಗ್ಗಿ ನೋಡಿದರೂ ಕಾಣದ ಕಡೆ, ಒಂದು ಖಾಲಿ ಸ್ಟ್ರಿಪ್ಪನ್ನು ಟೇಪಿನಲ್ಲಿ ಅಂಟಿಸಿದ್ದಳು. ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ನೆಲ ತಣ್ಣಗಿತ್ತು.

"ಅಲ್ಲೇ ಮನೆ ಮಾಡಿಬಿಟ್ಟೆಯಾ ಡಾಕ್ತಾರಿ?" ಎಂದಳು ಮೇಲಿನಿಂದ. ಹೆಂಗಸರು ನಕ್ಕರು.

ಎದ್ದು ಬಂದೆ. ಪೆನ್ನು ಕೊಟ್ಟಳು. ಎಂಟು ಗಂಟೆ ನಲವತ್ತೊಂದು ನಿಮಿಷ ಎಂದು ಬರೆದು ಸಹಿ ಹಾಕಿದೆ. ಮೂರು ತಿಂಗಳ ಮೇಲೆ ಆ ಖಾನೆಗೆ ಬಿದ್ದ ಸಹಿ, ಬಾಲ ಸರಿಯಾಗಿ ಬರಲಿಲ್ಲ. ಮಾಲೀಕರು ಅದರ ಮರುದಿನ ಪರ್ಮಿಟ್ಟಿನ ಕಾಗದ ಕಳಿಸಿದರು.

ಮನೆಯ ಹಾಳೆಯನ್ನು ಬಿಟ್ಟಿರಲಿಲ್ಲ. ಈಗ ಅದರಲ್ಲಿ ಹನ್ನೆರಡು ಸಾಲು, ಮಾತ್ರೆಯದೂ ಸೇರಿ. ಎರಡನೇ ಖಾನೆ ಖಾಲಿಯಾಗಿಯೇ ಇತ್ತು. ಆ ದಿನ ಸಂಜೆ ಹಲಗೆಯನ್ನು ಮಂಚದ ಪಕ್ಕದಿಂದ ತೆಗೆದು ಬಾತ್‌ರೂಮಿನ ಬಾಗಿಲ ಹಿಂದೆ, ಟವೆಲ್ ಹಾಕುವ ಮೊಳೆಗೆ ನೇತುಹಾಕಿದೆ. ಪೆನ್ನಿಗೆ ದಾರ ಕಟ್ಟಿ ಅದೇ ಮೊಳೆಗೆ ಬಿಗಿದೆ. ಹೆಂಡತಿ ನೋಡಿ, "ಇದ್ಯಾಕ್ರೀ ಇಲ್ಲಿ? ನೀರು ಸಿಡಿದು ಹಾಳಾಗಲ್ವಾ ಕಾಗ್ದ?" ಎಂದಳು.

"ಹಾಳಾದ್ರೆ ಬೇರೆ ಹಾಕ್ತೀನಿ," ಎಂದೆ.

ಮರುದಿನ ಹೊದಿಕೆ ಹಿಂದಿನಷ್ಟೇ ಭಾರವಿತ್ತು. ಪೆನ್ನು ಅಲ್ಲಿತ್ತು, ನಾನು ಇಲ್ಲಿದ್ದೆ. ಹೋದೆ.